ವಿಂಡೋಸ್ 11 ಪ್ರಿವ್ಯೂ ಇನ್‌ಸ್ಟಾಲ್ ಆಗದಿದ್ದರೆ: ಮೊದಲು ಡಿಸ್ಕ್, ಆಮೇಲೆ ಬಯೋಸ್

ತುಮಕೂರಿನ ಕ್ಯಾತ್ಸಂದ್ರದ ನಮ್ಮ ಮನೆಯ ಡೆಸ್ಕ್‌ಟಾಪ್‌ನಲ್ಲಿ ವಿಂಡೋಸ್ 10 ಇತ್ತು. ಅದರ ಮೇಲೆ ವಿಂಡೋಸ್ 11ರ ಇನ್‌ಸೈಡರ್ ಪ್ರಿವ್ಯೂ (ಬಿಡುಗಡೆಗೆ ಮುಂಚಿನ ಪರೀಕ್ಷಾ ಆವೃತ್ತಿ) ಹಾಕಲು ಹೋದರೆ ಪ್ರತಿ ಸಲ ಒಂದೇ ಮೆಸೇಜ್: ಈ ಪಿಸಿಯಲ್ಲಿ ವಿಂಡೋಸ್ 11 ನಡೆಯುವುದಿಲ್ಲ. ಪ್ರೊಸೆಸರ್ ಇಂಟೆಲ್ 8ನೇ ತಲೆಮಾರಿನದು, ರ್‍ಯಾಮ್ 8 ಜಿಬಿ. ಅಷ್ಟು ಸಾಕು, ಅಲ್ವಾ?

ಐಎಸ್‌ಒ (ಇನ್‌ಸ್ಟಾಲ್ ಮಾಡುವ ಫೈಲ್) ಮತ್ತೆ ಇಳಿಸಿಕೊಂಡೆ. ಪೆನ್‌ಡ್ರೈವ್ ಬದಲಿಸಿದೆ. ಪ್ರಿವ್ಯೂ ಸಿಗುವ ಡೆವ್ ಚಾನೆಲ್ ಬಿಟ್ಟು ಬೀಟಾ ಚಾನೆಲ್ ಹಿಡಿದೆ. ಪ್ರಯೋಜನವಾಗಲಿಲ್ಲ. ಬಯೋಸ್‌ನಲ್ಲಿ (ಪಿಸಿ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್) ಹಳೆಯ ಬೂಟ್ ವಿಧಾನವಾದ ಲೆಗಸಿ ತೆಗೆದು, ವಿಂಡೋಸ್ 11ಕ್ಕೆ ಬೇಕಾದ ಹೊಸ ವಿಧಾನವಾದ ಯುಇಎಫ್‌ಐ ಇಟ್ಟರೆ ಇದ್ದ ವಿಂಡೋಸೂ ಬೂಟ್ ಆಗಲಿಲ್ಲ. ಸುಳಿವು ಸಿಕ್ಕಿದ್ದು ಇಲ್ಲೇ. ಡಿಸ್ಕನ್ನು ಭಾಗ ಮಾಡಿದ್ದ ರೀತಿ ಹಳೆಯ ಎಂಬಿಆರ್ ಮಾದರಿಯದು, ಯುಇಎಫ್‌ಐನಲ್ಲಿ ವಿಂಡೋಸ್ ಬೂಟ್ ಆಗಲು ಹೊಸ ಜಿಪಿಟಿ ಮಾದರಿ ಬೇಕು. ಲೆಗಸಿಗೆ ವಾಪಸ್ ಬಂದು ಹೀಗೆ ಮಾಡಿದೆ.

ಮೊದಲು ಫೈಲ್‌ಗಳ ಬ್ಯಾಕಪ್. ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ ಸಸ್ಪೆಂಡ್ ಮಾಡಿ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ವಿಂಡೋಸ್‌ನಲ್ಲೇ ಇರುವ ಎಂಬಿಆರ್2ಜಿಪಿಟಿ ಟೂಲನ್ನು ವ್ಯಾಲಿಡೇಟ್ (ಪರಿಶೀಲನೆ), ಅಲೋಫುಲ್‌ಓಎಸ್ ಎಂಬ ಎರಡು ಸ್ವಿಚ್‌ಗಳ ಜೊತೆ ಓಡಿಸಿ. ಎರಡರ ಮುಂದೆಯೂ ಓರೆಗೆರೆ (/) ಇರಬೇಕು. ನನಗೆ ಇಲ್ಲಿ ಫೇಲ್ ಆಯಿತು. ಡಿಸ್ಕ್‌ನಲ್ಲಿ 4 ಪ್ರೈಮರಿ ಪಾರ್ಟಿಶನ್ ಇದ್ದವು, ಈ ಟೂಲ್ 3ಕ್ಕಿಂತ ಜಾಸ್ತಿ ಒಪ್ಪುವುದಿಲ್ಲ. ಖಾಲಿ ಇದ್ದ ಒಂದನ್ನು ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಅಳಿಸಿದ ಮೇಲೆ ಪಾಸಾಯಿತು. ಆಮೇಲೆ ವ್ಯಾಲಿಡೇಟ್ ಜಾಗದಲ್ಲಿ ಕನ್ವರ್ಟ್ ಹಾಕಿ. ಆಗ ಕರೆಂಟ್ ಹೋಗಬಾರದು. ಯುಪಿಎಸ್ ಇಲ್ಲದೆ ಕೈ ಹಾಕಲೇಬೇಡಿ.

ಮುಗಿದ ತಕ್ಷಣ ರೀಸ್ಟಾರ್ಟ್ ಮಾಡಿ, ನೇರವಾಗಿ ಬಯೋಸ್‌ಗೆ ಹೋಗಿ. ಸಿಎಸ್‌ಎಂ (ಲೆಗಸಿ ಬೂಟ್) ಆಫ್, ಪಿಟಿಟಿ (ಇಂಟೆಲ್‌ನ ಟಿಪಿಎಂ ಭದ್ರತಾ ವ್ಯವಸ್ಥೆ) ಆನ್, ಕೊನೆಗೆ ಸೆಕ್ಯೂರ್ ಬೂಟ್ (ನಂಬಿಕಸ್ಥ ಸಾಫ್ಟ್‌ವೇರ್ ಮಾತ್ರ ಬೂಟ್ ಆಗುವ ಸೆಟ್ಟಿಂಗ್) ಆನ್. ಎಎಂಡಿ ಆದರೆ ಪಿಟಿಟಿ ಬದಲು ಎಫ್‌ಟಿಪಿಎಂ. ವಿಂಡೋಸ್ 11ಕ್ಕೆ ಬೇಕಾದ ಟಿಪಿಎಂ ಆವೃತ್ತಿ 2.0 ತೋರಿಸಿತು. ಐಎಸ್‌ಒ ತೆರೆದು ಸೆಟಪ್ ಓಡಿಸಿದೆ, ಪ್ರಿವ್ಯೂ ಇನ್‌ಸ್ಟಾಲ್ ಆಯಿತು.