ಬ್ಯಾಕಪ್ ಉಳಿದಿದೆ, ಸಿಸ್ಟಮ್ ಹೋಗಿದೆ: ಯಾವ ಪ್ಯಾಕೇಜ್ ಇತ್ತು ಅಂತ ಪತ್ತೆ ಮಾಡುವುದು ಹೇಗೆ?

ಹಳೆಯ ಡಿಸ್ಕ್ ಕೈಕೊಟ್ಟಿದೆ. ಹೊಸದರಲ್ಲಿ ಲಿನಕ್ಸ್ ಹಾಕಿಯೂ ಆಯಿತು. ಆದರೆ ಮೊದಲು ಏನೇನು ಇನ್‌ಸ್ಟಾಲ್ ಮಾಡಿದ್ದಿರಿ ಅನ್ನುವುದು ನೆನಪಿರುವುದಿಲ್ಲ, ಅಲ್ವಾ? ಚಿಂತೆ ಬೇಡ. ಪ್ಯಾಕೇಜ್ ಮ್ಯಾನೇಜರ್ (ಪ್ಯಾಕೇಜ್‌ಗಳನ್ನು, ಅಂದರೆ ಪ್ರೋಗ್ರಾಂಗಳ ಕಟ್ಟುಗಳನ್ನು ಹಾಕುವ, ತೆಗೆಯುವ ಸಾಧನ) ತನ್ನ ಲೆಕ್ಕವನ್ನೆಲ್ಲ ಫೈಲ್‌ಗಳಲ್ಲೇ ಬರೆದಿಟ್ಟಿರುತ್ತದೆ. ಆ ಫೈಲ್‌ಗಳು ಬ್ಯಾಕಪ್‌ನಲ್ಲಿದ್ದರೆ ಸಾಕು, ಹಳೆಯ ಸಿಸ್ಟಮ್ ಬೂಟ್ ಆಗಬೇಕಿಲ್ಲ.

1. ಯಾವ ಲಿನಕ್ಸ್ ಅಂತ ನೋಡಿ

ಬ್ಯಾಕಪ್ಪನ್ನು ರೀಡ್-ಓನ್ಲಿ ಆಗಿ ಮೌಂಟ್ ಮಾಡಿ, ಅಂದರೆ ಓದಲು ಮಾತ್ರ ಆಗುವಂತೆ ಸಿಸ್ಟಮ್‌ಗೆ ಜೋಡಿಸಿ. /ಇಟಿಸಿ/ಓಎಸ್-ರಿಲೀಸ್ ತೆರೆದರೆ ಹೆಸರು, ಆವೃತ್ತಿ ಎರಡೂ ಸಿಗುತ್ತವೆ. ಇದು ಹೆಚ್ಚಾಗಿ ಬರೀ ಲಿಂಕ್. ನಿಜವಾದ ಫೈಲ್ /ಯುಎಸ್‌ಆರ್/ಲಿಬ್ ಒಳಗಿರುತ್ತದೆ.

2. ಡೆಬಿಯನ್, ಉಬುಂಟು ಆದರೆ

/ವಾರ್/ಲಿಬ್/ಡಿಪಿಕೆಜಿ ಒಳಗಿನ ‘ಸ್ಟೇಟಸ್’ ಫೈಲ್ ಹುಡುಕಿ. ಇದು ಸಾದಾ ಪಠ್ಯ, ಯಾವ ಎಡಿಟರ್‌ನಲ್ಲಾದರೂ ಓದಬಹುದು. ಆದರೆ ಒಂದು ಕಡೆ ಜನ ಎಡವುತ್ತಾರೆ. ಫೈಲ್‌ನಲ್ಲಿ ಹೀಗೊಂದು ತುಣುಕು ಕಾಣಬಹುದು:

ಪ್ಯಾಕೇಜ್: ಎನ್‌ಜಿನ್‌ಎಕ್ಸ್
ಸ್ಟೇಟಸ್: ಡಿಇನ್‌ಸ್ಟಾಲ್ ಓಕೆ ಕಾನ್ಫಿಗ್-ಫೈಲ್ಸ್

ಹೆಸರು ಇದೆ, ಪ್ಯಾಕೇಜ್ ಇಲ್ಲ! ಅದನ್ನು ಯಾವಾಗಲೋ ತೆಗೆದುಹಾಕಿದ್ದಾರೆ, ಸೆಟ್ಟಿಂಗ್ ಫೈಲ್‌ಗಳು ಮಾತ್ರ ಉಳಿದಿವೆ. ಆ ಸಾಲಿನ ಕೊನೆಯಲ್ಲಿ ‘ಓಕೆ ಇನ್‌ಸ್ಟಾಲ್ಡ್’ ಅಂತಿದ್ದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ. ಕೈಯಲ್ಲಿ ಹುಡುಕಲು ಬೇಜಾರಾದರೆ, ಡಿಪಿಕೆಜಿ-ಕ್ವೆರಿ ಕಮಾಂಡ್‌ನ ‘ಅಡ್ಮಿನ್‌ಡಿರ್’ ಆಯ್ಕೆಗೆ ಬ್ಯಾಕಪ್‌ನ ಡಿಪಿಕೆಜಿ ಫೋಲ್ಡರ್ ತೋರಿಸಿ. ಸ್ಟೇಟಸ್ ಫೈಲ್ ಕೆಟ್ಟಿದ್ದರೆ /ವಾರ್/ಬ್ಯಾಕಪ್ಸ್ ಒಳಗೆ ಅದರ ಹಳೆಯ ಪ್ರತಿಗಳು ಇರಬಹುದು.

ಈಗ ನಿಮ್ಮ ಮುಂದೆ ಸಾವಿರಾರು ಹೆಸರುಗಳ ಪಟ್ಟಿ ಬರುತ್ತದೆ. ಅಷ್ಟನ್ನೂ ಹೊಸ ಸಿಸ್ಟಮ್‌ಗೆ ತುಂಬಬೇಡಿ. ಅದರಲ್ಲಿ ಜಾಸ್ತಿ ಇರುವುದು ಬೇರೆ ಪ್ಯಾಕೇಜ್‌ಗಳ ಜೊತೆಗೆ ತಾವಾಗಿಯೇ ಬಂದವು. /ವಾರ್/ಲಿಬ್/ಎಪಿಟಿ ಒಳಗಿನ ‘ಎಕ್ಸ್‌ಟೆಂಡೆಡ್_ಸ್ಟೇಟ್ಸ್’ ಫೈಲ್‌ನಲ್ಲಿ ‘ಆಟೋ-ಇನ್‌ಸ್ಟಾಲ್ಡ್: 1’ ಅಂತ ಇರುವವನ್ನು ಪಟ್ಟಿಯಿಂದ ಕಳೆಯಿರಿ. ಉಳಿದದ್ದು ನೀವು ಕೇಳಿ ಹಾಕಿಸಿಕೊಂಡವು, ಜೊತೆಗೆ ಇನ್‌ಸ್ಟಾಲರ್ ಮೊದಲೇ ಹಾಕಿದ್ದ ಕೆಲವು.

3. ಫೆಡೋರಾ ಬಳಗ ಆದರೆ

ಇಲ್ಲಿರುವುದು ಡೇಟಾಬೇಸ್, ಸುಮ್ನೆ ತೆರೆದು ಓದಲು ಆಗುವುದಿಲ್ಲ. ಹಳೆಯ ಸಿಸ್ಟಮ್‌ಗಳಲ್ಲಿ ಅದು /ವಾರ್/ಲಿಬ್/ಆರ್‌ಪಿಎಂ ಒಳಗಿರುತ್ತದೆ. ಫೆಡೋರಾ 33ರಲ್ಲಿ ಅದು ಎಸ್‌ಕ್ಯೂಲೈಟ್ ರೂಪಕ್ಕೆ ಬಂತು, 36ರಲ್ಲಿ ಜಾಗವೂ ಬದಲಾಗಿ /ಯುಎಸ್‌ಆರ್/ಲಿಬ್/ಸಿಸ್‌ಇಮೇಜ್/ಆರ್‌ಪಿಎಂ ಆಯಿತು. ಇಡೀ ಫೋಲ್ಡರನ್ನು ಬೇರೆ ಕಡೆ ಕಾಪಿ ಮಾಡಿ, ಆರ್‌ಪಿಎಂ ಕಮಾಂಡ್‌ನ ‘ಡಿಬಿಪಾತ್’ ಆಯ್ಕೆಗೆ ಆ ಕಾಪಿಯ ಜಾಗ ಕೊಟ್ಟು, ಎಲ್ಲ ಪ್ಯಾಕೇಜ್‌ಗಳ ಪಟ್ಟಿ ಕೇಳುವ -ಕ್ಯೂಎ ಹಾಕಿ. ಮೂಲವನ್ನು ಮುಟ್ಟಲು ಹೋಗಬೇಡಿ.

4. ಆರ್ಚ್, ಆಲ್ಪೈನ್

ಇವೆರಡು ಸುಲಭ. ಆರ್ಚ್‌ನಲ್ಲಿ /ವಾರ್/ಲಿಬ್/ಪ್ಯಾಕ್‌ಮ್ಯಾನ್/ಲೋಕಲ್ ಒಳಗೆ ಪ್ಯಾಕೇಜಿಗೊಂದು ಫೋಲ್ಡರ್, ಹೆಸರಲ್ಲೇ ಆವೃತ್ತಿ. ಆಲ್ಪೈನ್‌ನಲ್ಲಿ ನೀವು ಕೇಳಿದ ಪ್ಯಾಕೇಜ್‌ಗಳಷ್ಟೇ /ಇಟಿಸಿ/ಎಪಿಕೆ/ವರ್ಲ್ಡ್ ಫೈಲ್‌ನಲ್ಲಿರುತ್ತವೆ. ಎಲ್ಲ ಡಿಸ್ಟ್ರೋಗಳೂ (ಲಿನಕ್ಸ್‌ನ ಬಗೆಗಳೂ) ಹೀಗೇ ಮಾಡಬಾರದಿತ್ತೇ ಅನಿಸುತ್ತದೆ.

5. ಪಟ್ಟಿಗೆ ಸಿಗದವು

ಫ್ಲ್ಯಾಟ್‌ಪ್ಯಾಕ್, ಸ್ನ್ಯಾಪ್, ಪಿಪ್ ಎಂಬ ಬೇರೆ ಇನ್‌ಸ್ಟಾಲ್ ಸಾಧನಗಳ ಮೂಲಕ ಹಾಕಿದ್ದು ಈ ಲೆಕ್ಕಗಳಲ್ಲಿ ಬರುವುದಿಲ್ಲ. /ವಾರ್/ಲಿಬ್/ಫ್ಲ್ಯಾಟ್‌ಪ್ಯಾಕ್, /ವಾರ್/ಲಿಬ್/ಸ್ನ್ಯಾಪ್‌ಡಿ, /ಯುಎಸ್‌ಆರ್/ಲೋಕಲ್ ಇವನ್ನೂ ಒಮ್ಮೆ ನೋಡಿ.

ಎಷ್ಟೋ ಜನ ಹೋಮ್ ಮತ್ತು ಇಟಿಸಿ ಮಾತ್ರ ಬ್ಯಾಕಪ್ ಮಾಡಿ, ವಾರ್ ಬಿಟ್ಟಿರುತ್ತಾರೆ. ಹಾಗಾಗಿದ್ದರೆ ಹೋಮ್ ಫೋಲ್ಡರ್‌ನ ಬ್ಯಾಷ್ ಹಿಸ್ಟರಿ ಫೈಲ್‌ನಲ್ಲಿ (ನೀವು ಟೈಪ್ ಮಾಡಿದ ಕಮಾಂಡ್‌ಗಳು ಉಳಿದಿರುವುದು ಇಲ್ಲೇ) ‘ಇನ್‌ಸ್ಟಾಲ್’ ಪದ ಹುಡುಕಿ. ಪೂರ್ತಿ ಪಟ್ಟಿ ಸಿಗದಿದ್ದರೂ, ನೀವೇ ಟೈಪ್ ಮಾಡಿ ಹಾಕಿಸಿಕೊಂಡ ಕೆಲವಾದರೂ ಸಿಗುತ್ತವೆ.