ಅಪ್ಪ-ಅಮ್ಮನಿಗೆ ನಾಯಿ ತರೋ ಮುಂಚೆ

ವಯಸ್ಸಾದವರಿಗೆ ಜೊತೆಗಿರಲಿ ಅಂತ ಪುಟ್ಟ ನಾಯಿ ಹುಡುಕುತ್ತಿದ್ದೀರಾ? ಮರಿ ಮಾತ್ರ ಬೇಡ. ಮುದ್ದಾಗಿರುತ್ತದೆ ನಿಜ, ಆದರೆ ಗಳಿಗೆಗೊಮ್ಮೆ ಉಚ್ಚೆ ಹೊಯ್ಯುತ್ತದೆ, ಚಪ್ಪಲಿ ಕಚ್ಚುತ್ತದೆ, ಕಾಲಿಗೆ ಅಡ್ಡ ಬರುತ್ತದೆ. ಮಂಡಿ ನೋವಿರುವವರು ಬಗ್ಗಿ ಬಗ್ಗಿ ನೆಲ ಒರೆಸೋದು ಆಗುವ ಮಾತಲ್ಲ. ನಾಲ್ಕೈದು ವರ್ಷದ, ಮನೆಯಲ್ಲೇ ಬೆಳೆದ ನಾಯಿಯನ್ನು ದತ್ತು ತಗೊಳ್ಳಿ. ಅದರ ಸ್ವಭಾವ ಆಗಲೇ ಗೊತ್ತಾಗಿರುತ್ತದೆ.

ಪಗ್ ಶಾಂತ, ಆದರೆ ಮೂಗು ಚಪ್ಪಟೆ. ರಾಯಚೂರು, ಕಲಬುರಗಿ ಬಿಸಿಲಲ್ಲಿ ಉಸಿರಾಡೋಕೆ ಒದ್ದಾಡುತ್ತದೆ. ಶಿಟ್ಜು ಸಾಧು, ಆದರೆ ಕೂದಲು ಉದ್ದ ಬಿಟ್ಟರೆ ದಿನಾ ಬಾಚಬೇಕು. ಗಿಡ್ಡಕ್ಕೆ ಕತ್ತರಿಸಿಟ್ಟರೆ ಸಲೀಸು. ಪೊಮೇರಿಯನ್ ಕಾಲಿಂಗ್ ಬೆಲ್ ಆದರೆ ಸಾಕು, ಮನೆ ಹಾರಿಹೋಗುವ ಹಾಗೆ ಬೊಗಳುತ್ತದೆ. ಒಂಟಿಯಾಗಿರುವವರಿಗೆ ಅದೂ ಒಳ್ಳೆಯದೇ ಅನ್ನಿ. ಬೀಗಲ್ ಬೇಡವೇ ಬೇಡ, ಗಾತ್ರ ಚಿಕ್ಕದಾದರೂ ಎಳೆತ ಜೋರು. ನನ್ನನ್ನು ಕೇಳಿದರೆ, ಸಣ್ಣ ಮೈಕಟ್ಟಿನ, ಸಾಧು ಸ್ವಭಾವದ, ಮನೆಯಲ್ಲಿ ಪಳಗಿದ ಬೀದಿ ನಾಯಿ ಸಿಕ್ಕರೆ ಎಲ್ಲಕ್ಕಿಂತ ವಾಸಿ. ನಮ್ಮ ಹವೆಗೆ ಹೊಂದಿಕೊಂಡಿರುತ್ತದೆ, ಖರ್ಚೂ ಕಮ್ಮಿ.

ಒಪ್ಪಿಕೊಳ್ಳುವ ಮುಂಚೆ ಅಪ್ಪ-ಅಮ್ಮನ ಕೈಗೇ ಬೆಲ್ಟ್ ಕೊಟ್ಟು ಹತ್ತು ನಿಮಿಷ ನಡೆಸಿ ನೋಡಿ. ಎಳೆದಾಡಿದರೆ ಬಿಟ್ಟುಬಿಡಿ, ಬಿದ್ದು ಸೊಂಟ ಮುರಿದುಕೊಂಡರೆ ಯಾರಿಗೆ ಬೇಕು? ಕೊರಳಿಗೆ ಸಣ್ಣ ಗೆಜ್ಜೆ ಕಟ್ಟಿ, ಕಾಲ ಹತ್ತಿರ ಬಂದರೆ ಸದ್ದಾಗುತ್ತದೆ. ರಾತ್ರಿ ಬಾತ್‌ರೂಮಿನ ದಾರಿಯಲ್ಲಿ ಒಂದು ಜೀರೋ ಬಲ್ಬ್ ಉರಿಯುತ್ತಿರಲಿ. ರೇಬೀಸ್ ಲಸಿಕೆ ವರ್ಷಕ್ಕೊಮ್ಮೆ ತಪ್ಪಿಸಬೇಡಿ.

ಸಣ್ಣ ನಾಯಿಗಳು 12–15 ವರ್ಷ ಬದುಕುತ್ತವೆ. ಅವರು ಆಸ್ಪತ್ರೆ ಸೇರಿದರೆ ನಾಯಿ ಯಾರ ಮನೆಯಲ್ಲಿರಬೇಕು ಅಂತ ಈಗಲೇ ಮಾತಾಡಿಟ್ಟುಕೊಳ್ಳಿ. ಹಾಂ, ಅವರಿಗೆ ನಾಯಿ ಬೇಕಾ ಅಂತಲೂ ಒಂದು ಮಾತು ಕೇಳಿ!