ನೋಟಿಸ್ ಇರಲಿ, ಬಿ ಫಾರಂ ಯಾರಿಗೆ?

ಶಾಸಕರ ಮೇಲೋ ಸಂಸದರ ಮೇಲೋ ಹಗರಣ ಬಂದಾಗ ಅವರ ಪಕ್ಷ ಏನು ಹೇಳಿತು ಅನ್ನುವುದನ್ನು ನಾನೀಗ ಸುದ್ದಿಯ ಕೊನೆಗೆ ಹಾಕುತ್ತೇನೆ. ಅವರ ಕೈಯಿಂದ ಪಕ್ಷ ಏನು ಕಿತ್ತುಕೊಂಡಿತು ಅನ್ನುವುದು ಮೊದಲು. ಕಾರವಾರದಲ್ಲಿ ಕೂತು ಜಿಲ್ಲೆಯ ರಾಜಕೀಯ ಬರೆಯುತ್ತಾ ಬರೆಯುತ್ತಾ ಈ ರೂಢಿ ಬಂತು.

ಮೊದಲ ದಿನ ಎಲ್ಲ ಪಕ್ಷಗಳ ಮಾತೂ ಒಂದೇ. 'ಅದು ಅವರ ವೈಯಕ್ತಿಕ ವಿಚಾರ', 'ಕಾನೂನು ತನ್ನ ಕೆಲಸ ಮಾಡುತ್ತದೆ.' ಜಿಲ್ಲಾ ಘಟಕದವರಿಗೆ ಫೋನ್ ಮಾಡಿದರೆ, "ವರಿಷ್ಠರ ಗಮನಕ್ಕೆ ಬಂದಿದೆ ಅಂತ ಹಾಕಿ ಮಾರಾಯ್ರೆ, ನನ್ನ ಹೆಸರು ಮಾತ್ರ ಬೇಡ" ಅನ್ನುತ್ತಾರೆ. ಪಾಪ, ಅವರಿಗೂ ಏನೂ ಗೊತ್ತಿರುವುದಿಲ್ಲ. ಶಾಸಕರ ವಿಷಯ ತೀರ್ಮಾನವಾಗುವುದು ಬೆಂಗಳೂರಿನಲ್ಲಿ, ಇಲ್ಲಾಂದ್ರೆ ದೆಹಲಿಯಲ್ಲಿ.

ನನ್ನ ಕಣ್ಣು ತೆರೆಸಿದ್ದು ಬೇಲೆಕೇರಿ. ಅಂಕೋಲಾ ತಾಲೂಕಿನ ಈ ಬಂದರಿನಲ್ಲಿ ಜಪ್ತಿಯಾಗಿದ್ದ ಕಬ್ಬಿಣದ ಅದಿರು 2010ರಲ್ಲಿ ಹಡಗು ಹತ್ತಿ ಹೋಯಿತು. ಆ ಗದ್ದಲದಲ್ಲೇ ಜೂನ್‌ನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ರಾಜೀನಾಮೆ ಕೊಟ್ಟರು, ಜುಲೈನಲ್ಲಿ ವಾಪಸ್ ಪಡೆದರು. ಸತೀಶ್ ಸೈಲ್ 2013ರ ಮೇ ತಿಂಗಳಲ್ಲಿ ಕಾರವಾರದಿಂದ ಪಕ್ಷೇತರರಾಗಿ ಗೆದ್ದರು. ಅದೇ ಸೆಪ್ಟೆಂಬರ್‌ನಲ್ಲಿ ಅದಿರು ಪ್ರಕರಣದಲ್ಲಿ ಸಿಬಿಐ ಅವರನ್ನು ಬಂಧಿಸಿತು. 2018ರಲ್ಲಿ ಕಾಂಗ್ರೆಸ್ ಅವರಿಗೆ ಟಿಕೆಟ್ ಕೊಟ್ಟಿತು, ಸೋತರು. 2023ರಲ್ಲಿ ಮತ್ತೆ ಕೊಟ್ಟಿತು, ಗೆದ್ದರು. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯ 7 ವರ್ಷ ಶಿಕ್ಷೆ ವಿಧಿಸಿತು. ನವೆಂಬರ್‌ನಲ್ಲಿ ಹೈಕೋರ್ಟ್ ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು.

ತೀರ್ಪು ಬಂದ ವಾರ ಊರಲ್ಲೆಲ್ಲ ಒಂದೇ ಪ್ರಶ್ನೆ: ಪಕ್ಷ ಈಗ ಏನು ಮಾಡುತ್ತೆ? ನಾನು ಹಳೇ ಕಡತ ತೆಗೆದು ತಾರೀಖುಗಳನ್ನು ಸಾಲಾಗಿ ಬರೆದೆ. ಪಕ್ಷ ಉತ್ತರ ಕೊಟ್ಟು ಆಗಲೇ ಆರು ವರ್ಷವಾಗಿತ್ತು! ಬಂಧನದ ಸುದ್ದಿ ರಾಜ್ಯಕ್ಕೆಲ್ಲ ಗೊತ್ತಿದ್ದೂ 2018ರಲ್ಲಿ ಬಿ ಫಾರಂ, ಅಂದರೆ ಇವರೇ ನಮ್ಮ ಅಧಿಕೃತ ಅಭ್ಯರ್ಥಿ ಅನ್ನುವ ಪಕ್ಷದ ಪತ್ರ, ಕೊಟ್ಟಿದ್ದರಲ್ಲ, ಅದೇ ಉತ್ತರ. ತೀರ್ಪಿನ ಮೇಲೆ ಮೇಲ್ಮನವಿ ಇದೆ, ಅದರ ಸರಿತಪ್ಪು ಕೋರ್ಟಿಗೆ ಬಿಟ್ಟದ್ದು. ಟಿಕೆಟ್ ಮಾತ್ರ ಪಕ್ಷದ್ದೇ ನಿರ್ಧಾರ, ಅಲ್ವಾ?

ಅಂದಿನಿಂದ ಪ್ರತಿ ಹಗರಣಕ್ಕೂ ಒಂದು ಹಾಳೆ. ಸುದ್ದಿ ಹೊರಬಿದ್ದ ದಿನ, ಹುದ್ದೆ ಹೋಗಿದ್ದರೆ ಆ ದಿನ, ಮುಂದಿನ ಟಿಕೆಟ್ ಯಾರಿಗೆ. ಹಳೆಯವನ್ನೂ ಸೇರಿಸುತ್ತಾ ಹೋದೆ. 2012ರ ಫೆಬ್ರುವರಿಯಲ್ಲಿ ವಿಧಾನಸಭೆಯೊಳಗೆ ಅಶ್ಲೀಲ ವಿಡಿಯೊ ನೋಡಿದ ಆರೋಪಕ್ಕೆ ಬಿಜೆಪಿಯ ಮೂವರು ಮಂತ್ರಿಗಳು ರಾಜೀನಾಮೆ ಕೊಟ್ಟರು. ಕ್ರಮ ಬೇಗ ಆಯಿತು ಅಂತ ಆಗ ನನಗೂ ಅನಿಸಿತ್ತು. ಅವರಲ್ಲಿ ಒಬ್ಬರಾದ ಲಕ್ಷ್ಮಣ ಸವದಿ 2019ರಲ್ಲಿ ಉಪಮುಖ್ಯಮಂತ್ರಿ.

ಶಿರಸಿಯ ಹಾಳೆ ಇನ್ನೂ ಚುರುಕು. 2017ರ ಜನವರಿಯಲ್ಲಿ ನಮ್ಮ ಸಂಸದರಾಗಿದ್ದ ಅನಂತಕುಮಾರ ಹೆಗಡೆ ಅಲ್ಲಿನ ಆಸ್ಪತ್ರೆಯೊಂದರಲ್ಲಿ ವೈದ್ಯರ ಮೇಲೆ ಕೈ ಮಾಡಿದ ಸಿಸಿಟಿವಿ ದೃಶ್ಯವನ್ನು ಎಲ್ಲ ಚಾನೆಲ್‌ಗಳೂ ತೋರಿಸಿದವು. ಸೆಪ್ಟೆಂಬರ್‌ನಲ್ಲಿ ಅವರು ಕೇಂದ್ರ ಮಂತ್ರಿ. 2024ರ ಮಾರ್ಚ್‌ನಲ್ಲಿ ಸಂವಿಧಾನ ತಿದ್ದುಪಡಿಯ ಮಾತಾಡಿದಾಗ ಬಿಜೆಪಿ 'ವೈಯಕ್ತಿಕ ಅಭಿಪ್ರಾಯ' ಅಂತ ದೂರ ಸರಿಯಿತು. ಅದೇ ತಿಂಗಳು ಟಿಕೆಟ್ ವಿಶ್ವೇಶ್ವರ ಹೆಗಡೆ ಕಾಗೇರಿಯವರ ಪಾಲಾಯಿತು. ಆ ಮಾತಿಗೇ ಟಿಕೆಟ್ ತಪ್ಪಿತು ಅಂತ ಬರೆಯಲು ಡೆಸ್ಕ್‌ನಿಂದ ಒತ್ತಾಯ ಬಂತು. ನಾನು ಬರೆಯಲಿಲ್ಲ. ಟಿಕೆಟ್ ಪಟ್ಟಿಯಲ್ಲಿ ಹೆಸರು ಬಿಟ್ಟಿದ್ದಕ್ಕೆ ಕಾರಣದ ಕಾಲಂ ಇರುವುದಿಲ್ಲ.

ಓದುಗರಿಗೆ ಜಾಸ್ತಿ ಗೊಂದಲ ಇರುವುದು ಉಚ್ಚಾಟನೆಯಲ್ಲಿ. ಪಕ್ಷ ಹೊರಹಾಕಿದರೆ ಶಾಸಕ ಸ್ಥಾನವೂ ಹೋಯಿತು ಅಂದುಕೊಳ್ಳುತ್ತಾರೆ. ಹಾಗಿಲ್ಲ. ತಾನಾಗಿ ಪಕ್ಷ ಬಿಟ್ಟರೆ, ಸದನದಲ್ಲಿ ವಿಪ್ (ಹೀಗೇ ಮತ ಹಾಕಿ ಅನ್ನುವ ಪಕ್ಷದ ಆದೇಶ) ಮೀರಿದರೆ ಪಕ್ಷಾಂತರ ನಿಷೇಧ ಕಾಯ್ದೆಯಲ್ಲಿ ಸ್ಥಾನಕ್ಕೆ ಕುತ್ತು. ಪಕ್ಷವೇ ಹೊರಗೆ ಕಳಿಸಿದರೆ ಅಷ್ಟಕ್ಕೇ ಸ್ಥಾನ ಹೋಗುವುದಿಲ್ಲ. ಯಲ್ಲಾಪುರದ ಶಿವರಾಮ ಹೆಬ್ಬಾರ್ ಅವರನ್ನು 2025ರ ಮೇ ತಿಂಗಳಲ್ಲಿ ಬಿಜೆಪಿ 6 ವರ್ಷಕ್ಕೆ ಉಚ್ಚಾಟಿಸಿತು. ಶಾಸಕರಾಗಿ ಅವರು ಅಲ್ಲೇ ಉಳಿದರು. ಇಲ್ಲಿ ಹಗರಣ ಇರಲೇ ಇಲ್ಲ ನೋಡಿ. ದೂರು ಇದ್ದದ್ದು ಪಕ್ಷವಿರೋಧಿ ಚಟುವಟಿಕೆಯದ್ದು. ವೈದ್ಯರಿಗೆ ಹೊಡೆದ ಮೇಲೂ ಮಂತ್ರಿಗಿರಿ, ನಾಯಕರಿಗೆ ಎದುರು ನಿಂತರೆ 6 ವರ್ಷ. ನನ್ನ ಹಾಳೆಗಳನ್ನು ಪಕ್ಕಪಕ್ಕ ಇಟ್ಟರೆ ಹೀಗೇ ಕಾಣುತ್ತದೆ. ಬೇರೆ ಪಕ್ಷದವರೂ ಇದಕ್ಕಿಂತ ವಾಸಿ ಏನಿಲ್ಲ.

ತಾರೀಖಿನ ಜೊತೆ ಚುನಾವಣಾ ವೇಳಾಪಟ್ಟಿಯನ್ನೂ ಇಟ್ಟುಕೊಳ್ಳಬೇಕು. 2024ರಲ್ಲಿ ಹಾಸನದ ಮತದಾನ ಏಪ್ರಿಲ್ 26ಕ್ಕೆ. ಲೈಂಗಿಕ ದೌರ್ಜನ್ಯದ ಆರೋಪ ಹೊತ್ತ ಅಲ್ಲಿನ ಸಂಸದ ಪ್ರಜ್ವಲ್ ರೇವಣ್ಣ ಅವರನ್ನು ಜೆಡಿಎಸ್ ಅಮಾನತು ಮಾಡಿದ್ದು ಏಪ್ರಿಲ್ 30ಕ್ಕೆ, ಹುಬ್ಬಳ್ಳಿಯ ಸಭೆಯಲ್ಲಿ. ಉತ್ತರ ಕನ್ನಡವೂ ಸೇರಿ ಉಳಿದ 14 ಕ್ಷೇತ್ರಗಳ ಮತದಾನ ಮೇ 7ಕ್ಕೆ. ಆರೋಪದ ತೂಕಕ್ಕೇ ಅಮಾನತು ಆಯಿತು ಅನ್ನುವವರು ಈ ಮೂರು ತಾರೀಖು ಒಮ್ಮೆ ನೋಡಲಿ.

ಈಗ ಹಾಳೆಗೆ ಇನ್ನೊಂದು ಕಾಗದ ಸೇರಿದೆ. ಸುಪ್ರೀಂ ಕೋರ್ಟ್ 2020ರ ಫೆಬ್ರುವರಿಯಲ್ಲಿ ಕೊಟ್ಟ ಆದೇಶದಂತೆ, ಕ್ರಿಮಿನಲ್ ಕೇಸ್ ಇರುವವರಿಗೆ ಟಿಕೆಟ್ ಕೊಟ್ಟರೆ ಯಾಕೆ ಕೊಟ್ಟೆವು ಅಂತ ಪಕ್ಷ ಪ್ರಕಟಿಸಬೇಕು. ಅದಕ್ಕೆ ಸಿ-7 ಅನ್ನುವ ನಮೂನೆ ಇದೆ. ಗೆಲ್ಲುತ್ತಾರೆ ಅನ್ನುವುದೊಂದೇ ಕಾರಣ ಸಾಲದು. ಕೇಸ್ ಇಲ್ಲದವರು ಯಾಕೆ ಸಿಗಲಿಲ್ಲ ಅಂತಲೂ ಹೇಳಬೇಕು. ಒಂದು ಸ್ಥಳೀಯ ಪತ್ರಿಕೆಯಲ್ಲಿ ಹಾಕಲೇಬೇಕಾದ್ದರಿಂದ ಹುಡುಕಿಕೊಂಡು ಬೆಂಗಳೂರಿಗೆ ಹೋಗುವ ಕೆಲಸವಿಲ್ಲ. ಸಾಮಾನ್ಯವಾಗಿ ಜನಪ್ರಿಯ, ಸಮಾಜಸೇವಕ, ಕೇಸ್ ರಾಜಕೀಯ ಪ್ರೇರಿತ ಅಂತ ಬರೆದಿರುತ್ತಾರೆ. ಸುಮ್ನೆ ನಗಬೇಡಿ, ಸಹಿ ಹಾಕಿದ ಕಾಗದ ಅದು. ನಾಮಪತ್ರದ ಜೊತೆಗಿನ ಅಫಿಡವಿಟ್‌ನಲ್ಲಿ ಕೇಸ್‌ಗಳ ಪಟ್ಟಿ ಇರುತ್ತದೆ. ಎರಡನ್ನೂ ಹೋಲಿಸಿ, ಪಕ್ಷದ ಆ ಹಳೇ ಹೇಳಿಕೆಯನ್ನೂ ಸೇರಿಸಿ ಕಳಿಸುತ್ತೇನೆ. ಜಾಗ ಇಲ್ಲ ಅಂತ ಡೆಸ್ಕ್‌ನವರು ಕತ್ತರಿ ಹಾಕಿದರೆ ಹೇಳಿಕೆ ಹೋಗಲಿ, ತಾರೀಖು ಮುಟ್ಟಬೇಡಿ ಅಂತ ಮೊದಲೇ ಹೇಳಿಟ್ಟಿದ್ದೇನೆ.